ನಾಬ್ ಹೇಳುವ 180, ಒಳಗಿರುವ 155

ಗ್ಯಾಸ್ ಒಲೆಯ ಮುಂದೆ ನಿಂತವರಿಗೆ ಉರಿ ಕಣ್ಣಿಗೆ ಕಾಣುತ್ತದೆ. ನಮ್ಮ ಮನೆಯಲ್ಲಿ ಅಮ್ಮಿ ‘ಧೀಮೀ ಆಂಚ್’ ಅನ್ನುತ್ತಾರೆ, ಪಕ್ಕದ ಮನೆಯ ಅಜ್ಜಿ ‘ಸಣ್ಣ ಉರಿ’ ಅನ್ನುತ್ತಾರೆ. ಭಾಷೆ ಬೇರೆಯಾದರೂ ಇಬ್ಬರೂ ಮಾಡುವುದು ಒಂದೇ ಕೆಲಸ: ಬಗ್ಗಿ ನೋಡುವುದು, ನಾಬ್ ಸ್ವಲ್ಪ ತಿರುಗಿಸುವುದು, ಮತ್ತೆ ನೋಡುವುದು. ಓಟಿಜಿ ಓವನ್‌ನಲ್ಲಿ ಹಾಗೆ ನೋಡಲು ಉರಿಯೇ ಇಲ್ಲ. ಒಳಗಿನ ರಾಡ್ ಕೆಂಪಗಾಗುತ್ತದೆ, ಸ್ವಲ್ಪ ಹೊತ್ತಿಗೆ ಕಪ್ಪಾಗುತ್ತದೆ, ಮತ್ತೆ ಕೆಂಪಾಗುತ್ತದೆ. ಒಳಗೆ ಎಷ್ಟು ಬಿಸಿ ಇದೆ ಎಂದು ಅದನ್ನು ನೋಡಿ ಯಾರೂ ಹೇಳಲಾರರು. ನಾಬ್ ಮೇಲೆ 180 ಎಂದು ಬರೆದಿದೆ, ನಾವು ಅಲ್ಲಿಗೆ ತಿರುಗಿಸಿದ್ದೇವೆ, ಆದ್ದರಿಂದ ಒಳಗೆ 180 ಡಿಗ್ರಿ ಇದೆ ಎಂದು ನಂಬುತ್ತೇವೆ. ಈ ನಂಬಿಕೆಯನ್ನು ಮನೆಯಲ್ಲೇ ಪರೀಕ್ಷಿಸುವುದು ಹೇಗೆ, ತಪ್ಪು ಕಂಡರೆ ಏನು ಮಾಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ, ಓವನ್ ನನ್ನ ವಿಷಯವಲ್ಲ. ಆದರೆ ನಮ್ಮ ಮನೆಯಲ್ಲಿ ಓವನ್ ಅಡುಗೆಯ ಸಾಮಾನು ಮಾತ್ರವಲ್ಲ, ಅದು ದುಡಿಯುವ ಯಂತ್ರ. ಆಪಾ ಬಿ.ಕಾಂ. ಮುಗಿಸಿ ಮನೆಯಲ್ಲೇ ಕೇಕ್, ನಾನ್‌ಖಟಾಯಿ ಮಾಡಿ ಮಾರುತ್ತಾಳೆ. ಅವಳ ಬಿ.ಎಡ್. ಫೀಸಿನ ಬಹುಪಾಲು ಆ ಡಬ್ಬಿಗಳಿಂದಲೇ ಬರಬೇಕು. ಹೋದ ವರ್ಷ ರಮ್ಜಾನ್‌ಗೆ ಮುಂಚಿನ ಕೆಲವು ತಿಂಗಳಲ್ಲಿ ನಾನ್‌ಖಟಾಯಿ ತಟ್ಟೆಯ ಮೇಲೆ ರೊಟ್ಟಿಯಂತೆ ಹರಡತೊಡಗಿತು. ಕೇಕ್ ನಡುವೆ ಕುಸಿಯತೊಡಗಿತು. ಎರಡು ಆರ್ಡರ್ ವಾಪಸ್ ಬಂದವು. ಬಂಧುಗಳಲ್ಲಿ ಒಬ್ಬರು ‘ಹಾಥ್ ಬದಲ್ ಗಯಾ’ ಅಂದರು, ಅಂದರೆ ಅವಳ ಕೈಗುಣ ಹೋಯಿತು ಎಂದು. ಅದೇ ಮೈದಾ, ಅದೇ ತುಪ್ಪ, ಅದೇ ಅಳತೆ. ಆದರೂ ತಪ್ಪು ಅವಳ ಕೈಗೆ ಬಂತು. ಮನೆಯಲ್ಲಿ ಎರಡೇ ಮಾತು ನಡೆದಿತ್ತು: ಒಂಬತ್ತು ಸಾವಿರ ಕೊಟ್ಟು ಹೊಸ ಓವನ್ ತರುವುದು, ಇಲ್ಲವೇ ಈ ವ್ಯಾಪಾರ ನಿಲ್ಲಿಸುವುದು. ಓವನ್ನಿನ ಒಳಗಿನ ಬಿಸಿಯನ್ನು ಅಳೆದು ನೋಡೋಣ ಎಂಬ ಮೂರನೇ ಮಾತು ಬಂದದ್ದು ಆಮೇಲೆ.

ಮೊದಲು, ಇಪ್ಪತ್ತು ಮೂವತ್ತು ಡಿಗ್ರಿ ಹೆಚ್ಚು ಕಡಿಮೆಯಾದರೆ ಏನಾಗುತ್ತದೆ ಎಂದು ತಿಳಿಯಬೇಕು. ಸಾರು ಕುದಿಸುವಾಗ ಏನೂ ಆಗುವುದಿಲ್ಲ, ಏಕೆಂದರೆ ನೀರು ಕುದಿಯುವ ಮಟ್ಟಕ್ಕೆ ಬಂದ ಮೇಲೆ ಉರಿ ಎಷ್ಟೇ ಜೋರಾಗಿದ್ದರೂ ಅದರ ಬಿಸಿ ಏರುವುದಿಲ್ಲ. ಬೇಕಿಂಗ್‌ನಲ್ಲಿ ಹಾಗಲ್ಲ, ಅಲ್ಲಿ ಎರಡು ಕೆಲಸಗಳ ನಡುವೆ ಓಟ ನಡೆಯುತ್ತಿರುತ್ತದೆ. ಕೇಕ್ ಹಿಟ್ಟಿನೊಳಗೆ ಬೇಕಿಂಗ್ ಪೌಡರ್‌ನಿಂದ ಹುಟ್ಟಿದ ಅನಿಲದ ಗುಳ್ಳೆಗಳು ಉಬ್ಬುತ್ತಿರುತ್ತವೆ. ಅದೇ ಹೊತ್ತಿಗೆ ಮೊಟ್ಟೆಯ ಪ್ರೋಟೀನು ಮತ್ತು ಮೈದಾದ ಪಿಷ್ಟ ಬಿಸಿಗೆ ಗಟ್ಟಿಯಾಗುತ್ತಾ ಗೋಡೆ ಕಟ್ಟುತ್ತಿರುತ್ತವೆ. ಬಿಸಿ ಕಡಿಮೆಯಾದರೆ ಗೋಡೆ ಕಟ್ಟುವ ಮೊದಲೇ ಗುಳ್ಳೆ ಒಡೆದು ಹೋಗುತ್ತದೆ, ಕೇಕ್ ಕುಸಿಯುತ್ತದೆ. ಬಿಸಿ ಹೆಚ್ಚಾದರೆ ಹೊರಗಿನ ಪದರ ಬೇಗ ಗಟ್ಟಿಯಾಗಿ, ಒಳಗಿನದು ಆಮೇಲೆ ಉಬ್ಬಿ, ನಡುವೆ ಗೋಪುರದಂತೆ ಎದ್ದು ಸೀಳುತ್ತದೆ. ನಾನ್‌ಖಟಾಯಿಯಲ್ಲಿ ಓಟ ತುಪ್ಪದ್ದು. ತುಪ್ಪ ಕರಗಿ ಹರಿಯುವ ಮೊದಲು ಅಂಚು ಗಟ್ಟಿಯಾಗಬೇಕು. ಓವನ್ ತಣ್ಣಗಿದ್ದರೆ ತುಪ್ಪವೇ ಗೆಲ್ಲುತ್ತದೆ, ಬಿಸ್ಕತ್ತು ಹರಡುತ್ತದೆ. ಇದು ತಿಳಿದ ಕೂಡಲೇ ನಮಗೆ ಒಂದು ಸುಳಿವು ಸಿಕ್ಕಿತು: ಕುಸಿದ ಕೇಕ್, ಹರಡಿದ ನಾನ್‌ಖಟಾಯಿ ಎರಡೂ ಒಂದೇ ಕಡೆಗೆ ಬೆರಳು ತೋರಿಸುತ್ತಿದ್ದವು. ಒಳಗೆ ಬಿಸಿ ಕಡಿಮೆ ಇರಬೇಕು.

ಹಳೆಯ ಬೇಕರಿಗಳ ಕಟ್ಟಿಗೆ ಭಟ್ಟಿಗೆ ನಾಬೂ ಇಲ್ಲ, ಅಂಕಿಯೂ ಇಲ್ಲ. ಈದ್‌ಗೆ ಮುಂಚೆ ಮನೆಯಲ್ಲಿ ಹಿಟ್ಟು ಕಲಸಿ ಬೇಕರಿಯ ಭಟ್ಟಿಗೆ ಕೊಟ್ಟು ಸುಡಿಸಿಕೊಂಡು ಬರುತ್ತಿದ್ದ ಕಾಲವನ್ನು ಅಮ್ಮಿ ಈಗಲೂ ಹೇಳುತ್ತಾರೆ. ಭಟ್ಟಿಯ ಉಸ್ತಾದ್ ಒಂದು ಚಿಟಿಕೆ ಮೈದಾವನ್ನು ಒಳಗಿನ ಕಲ್ಲಿನ ಮೇಲೆ ಎಸೆದು, ಅದು ಎಷ್ಟು ಬೇಗ ಕಂದುತ್ತದೆ ಎಂದು ನೋಡುತ್ತಿದ್ದರು. ಭಟ್ಟಿ ಚೆನ್ನಾಗಿ ಕಾದಿದ್ದಾಗ ಬ್ರೆಡ್ಡು, ಬಿಸಿ ಇಳಿದಂತೆ ಬಿಸ್ಕತ್ತು, ಕೊನೆಗೆ ಉಳಿದ ಬಿಸಿಯಲ್ಲಿ ರಸ್ಕ್ ಒಣಗಿಸುವುದು. ಅವರು ಅಂಕಿಯನ್ನು ನಂಬಲಿಲ್ಲ, ಮೈದಾವನ್ನು ನಂಬಿದರು. ನಮಗೆ ಅಂಕಿ ಬರೆದ ನಾಬ್ ಸಿಕ್ಕಿದ ಮೇಲೆ ಮೈದಾ ಎಸೆಯುವುದನ್ನು ಬಿಟ್ಟೆವು, ಅಷ್ಟೇ.

ನಾಬ್ ಯಾಕೆ ಸುಳ್ಳು ಹೇಳುತ್ತದೆ? ಅದರ ಹಿಂದೆ ಇರುವುದು ಥರ್ಮೋಸ್ಟಾಟ್. ಸಣ್ಣ ಓಟಿಜಿಗಳಲ್ಲಿ ಇದು ಸಾಮಾನ್ಯವಾಗಿ ಎರಡು ಲೋಹದ ಪಟ್ಟಿ: ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆನ್ನಿಗೆ ಬೆನ್ನು ಅಂಟಿಸಿರುತ್ತಾರೆ. ಬಿಸಿಯಾದಾಗ ಒಂದು ಹೆಚ್ಚು ಉದ್ದವಾಗುತ್ತದೆ, ಇನ್ನೊಂದು ಕಡಿಮೆ; ಜೋಡಿ ಬಾಗುತ್ತದೆ. ಬಾಗಿದಾಗ ಸ್ವಿಚ್ ಬಿಡಿಸಿಕೊಂಡು ರಾಡ್ ಆರುತ್ತದೆ. ತಣಿದಾಗ ಪಟ್ಟಿ ನೆಟ್ಟಗಾಗಿ ಮತ್ತೆ ತಾಗುತ್ತದೆ, ರಾಡ್ ಹೊತ್ತುತ್ತದೆ. ನಾವು ನಾಬ್ ತಿರುಗಿಸುವಾಗ ಪಟ್ಟಿ ಎಷ್ಟು ಬಾಗಿದರೆ ಸ್ವಿಚ್ ಬಿಡಬೇಕು ಎಂಬ ದೂರವನ್ನು ಬದಲಿಸುತ್ತೇವೆ. ಇದು ತೀರಾ ಹಳೆಯ ಉಪಾಯ. 18ನೇ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಹ್ಯಾರಿಸನ್ ಹಡಗಿನ ಗಡಿಯಾರಗಳು ಬಿಸಿಲಿಗೆ ಹೊತ್ತು ತಪ್ಪದಿರಲಿ ಎಂದು ಈ ಜೋಡಿ ಪಟ್ಟಿಯನ್ನು ಬಳಸಿದ್ದ.

ಗಮನಿಸಬೇಕಾದ್ದು ಪಟ್ಟಿ ಇರುವ ಜಾಗ. ಅದು ಕೇಕ್ ಪಕ್ಕದಲ್ಲಿ ಇಲ್ಲ. ನಾಬ್‌ಗಳಿರುವ ಬದಿಯಲ್ಲಿ, ಒಳಗೋಡೆಯ ಆಚೆಗೆ ಕೂತಿರುತ್ತದೆ. ಅದು ಅಳೆಯುವುದು ತಾನಿರುವ ಮೂಲೆಯ ಬಿಸಿಯನ್ನು. ಆ ಮೂಲೆಗೂ ಓವನ್ನಿನ ನಡುಭಾಗಕ್ಕೂ ಇರುವ ಸಂಬಂಧವನ್ನು ಕಾರ್ಖಾನೆಯಲ್ಲಿ ಅಂದಾಜು ಮಾಡಿ ಅಂಕಿ ಅಚ್ಚು ಹಾಕಿರುತ್ತಾರೆ. ಪಟ್ಟಿ ವರ್ಷಗಟ್ಟಲೆ ಬಾಗಿ ಬಾಗಿ ಸ್ವಲ್ಪ ಬದಲಾದರೆ, ಜಿಡ್ಡು ಕೂತರೆ, ನಾಬ್ ತನ್ನ ಕಡ್ಡಿಯ ಮೇಲೆ ಸಡಿಲವಾಗಿ ತಿರುಗಿದರೆ ಆ ಸಂಬಂಧ ಕೆಡುತ್ತದೆ. ಅಂಕಿ ಮಾತ್ರ ಹಾಗೇ ಇರುತ್ತದೆ.

ಮೊದಲ ಪಿಯುಸಿಯ ಅಕೌಂಟೆನ್ಸಿಯಲ್ಲಿ ನಾವು ಬ್ಯಾಂಕ್ ರಿಕನ್ಸಿಲಿಯೇಶನ್ ಸ್ಟೇಟ್‌ಮೆಂಟ್ ಮಾಡಿದ್ದೇವೆ. ನಮ್ಮ ಕ್ಯಾಶ್ ಬುಕ್ ಸರಿ ಇದೆಯೇ ಎಂದು ಕ್ಯಾಶ್ ಬುಕ್ಕನ್ನೇ ಎರಡು ಸಲ ಓದಿ ತಿಳಿಯುವುದಿಲ್ಲ. ಬೇರೆಯವರು ಬರೆದ ಪಾಸ್‌ಬುಕ್ ತಂದು ಪಕ್ಕದಲ್ಲಿಡುತ್ತೇವೆ. ವ್ಯತ್ಯಾಸ ಕಂಡರೆ ಪುಸ್ತಕ ಹರಿದು ಹಾಕುವುದಿಲ್ಲ, ಯಾವ ಕಾರಣಕ್ಕೆ ಎಷ್ಟು ಎಂದು ಒಂದೊಂದಾಗಿ ಬರೆಯುತ್ತೇವೆ. ಓವನ್ನಿಗೂ ಬೇಕಾದ್ದು ಅದೇ. ನಾಬ್ ಕ್ಯಾಶ್ ಬುಕ್, ಥರ್ಮಾಮೀಟರ್ ಪಾಸ್‌ಬುಕ್.

ಥರ್ಮಾಮೀಟರ್ ಯಾವುದು ಎಂಬಲ್ಲಿ ಎಚ್ಚರ ಬೇಕು. ಜ್ವರ ನೋಡುವುದನ್ನು ಓವನ್ ಹತ್ತಿರ ತರಲೇಬಾರದು. ಅದು 42 ಡಿಗ್ರಿಗೆ ಮುಗಿಯುತ್ತದೆ, ಒಳಗಿಟ್ಟರೆ ಒಡೆಯುತ್ತದೆ. ಪಾದರಸವಿರುವ ಯಾವುದೇ ಗಾಜಿನ ಥರ್ಮಾಮೀಟರ್ ಬೇಡ, ಒಡೆದರೆ ಆಹಾರದ ಜಾಗದಲ್ಲಿ ವಿಷ ಹರಡಿದಂತೆ. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ನಿನ ಜಾತಿಯದೇ ಆದ, ಹೆಚ್ಚು ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ಸಿಗುತ್ತದೆ. ನೋಡಲು ಚೆಂದ, ಆದರೆ ಈ ಕೆಲಸಕ್ಕೆ ಮೋಸ. ಅದು ಗಾಳಿಯ ಬಿಸಿಯನ್ನಲ್ಲ, ಮೇಲ್ಮೈಯ ಬಿಸಿಯನ್ನು ನೋಡುತ್ತದೆ. ಬಾಗಿಲ ಗಾಜಿನ ಮೂಲಕ ಹಿಡಿದರೆ ಗಾಜಿನ ಬಿಸಿ ಹೇಳುತ್ತದೆ. ಹೊಳೆಯುವ ಅಲ್ಯೂಮಿನಿಯಂ ಟ್ರೇ ಮೇಲೆ ಹಿಡಿದರೆ ಇರುವುದಕ್ಕಿಂತ ತುಂಬಾ ಕಡಿಮೆ ತೋರಿಸುತ್ತದೆ. ಸರಿಯಾದವು ಎರಡು. ಒಂದು, ಜಾಲರಿಯ ಮೇಲೆ ನಿಲ್ಲಿಸುವ ಗಡಿಯಾರದಂಥ ಮುಳ್ಳಿನ ಓವನ್ ಥರ್ಮಾಮೀಟರ್, ಕೆಲವು ನೂರು ರೂಪಾಯಿ. ಇನ್ನೊಂದು, ಮಲ್ಟಿಮೀಟರ್‌ಗೆ ಸಿಕ್ಕಿಸುವ ಕೆ-ಟೈಪ್ ಥರ್ಮೋಕಪಲ್ ತಂತಿ. ಎರಡು ಬೇರೆ ಲೋಹಗಳ ತಂತಿಯನ್ನು ತುದಿಯಲ್ಲಿ ಬೆಸೆದಿರುತ್ತಾರೆ. ಬೆಸುಗೆ ಬಿಸಿಯಾದಾಗ ಇನ್ನೊಂದು ತುದಿಯಲ್ಲಿ ಅತಿ ಸಣ್ಣ ವೋಲ್ಟೇಜ್ ಹುಟ್ಟುತ್ತದೆ, ಮೀಟರ್ ಅದನ್ನು ಡಿಗ್ರಿಗೆ ತಿರುಗಿಸಿ ತೋರಿಸುತ್ತದೆ. ತಂತಿ ತೆಳ್ಳಗಿರುವುದರಿಂದ ಬಾಗಿಲು ಮುಚ್ಚಿಯೇ ಅಳೆಯಬಹುದು. ತಂತಿಯ ಹೊದಿಕೆ ಎಷ್ಟು ಬಿಸಿ ತಡೆಯುತ್ತದೆ ಎಂಬುದನ್ನು ಮಾತ್ರ ಕೊಳ್ಳುವಾಗ ಓದಿಕೊಳ್ಳಿ. ನಮಗೆ ಇಂಥ ಮೀಟರ್ ಸಿಕ್ಕಿದ್ದು ವಿಜ್ಞಾನ ವಿಭಾಗದವರ ಕೃಪೆಯಿಂದ, ಶನಿವಾರ ಮಧ್ಯಾಹ್ನದಿಂದ ಸೋಮವಾರ ಬೆಳಿಗ್ಗೆವರೆಗೆ ಸಾಲ. ಮುಳ್ಳಿನದನ್ನು ಆಪಾ ಕೊಂಡಳು.

ಪಾಸ್‌ಬುಕ್ಕೇ ತಪ್ಪಿದ್ದರೆ? ಇದಕ್ಕೆ ಪ್ರಕೃತಿ ಎರಡು ಗುರುತುಗಳನ್ನು ಪುಕ್ಕಟೆ ಕೊಟ್ಟಿದೆ. ಐಸ್ ಪುಡಿ ಮಾಡಿ, ಲೋಟದ ತುಂಬ ಹಾಕಿ, ಸಂದು ತುಂಬುವಷ್ಟು ಮಾತ್ರ ನೀರು ಸೇರಿಸಿ ಕಲಕಿದರೆ ಅದರ ಬಿಸಿ 0 ಡಿಗ್ರಿ. ಚೆನ್ನಾಗಿ ಕುದಿಯುವ ನೀರು 100 ಡಿಗ್ರಿ, ಆದರೆ ಸಮುದ್ರದ ದಡದಲ್ಲಿ ಮಾತ್ರ. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿದು, ಸುಮಾರು 300 ಮೀಟರ್‌ಗೆ ಒಂದು ಡಿಗ್ರಿಯಂತೆ ಕುದಿಯುವ ಬಿಸಿಯೂ ಇಳಿಯುತ್ತದೆ. ಮಂಗಳೂರಿನಲ್ಲಿ 100 ಎಂದೇ ಹಿಡಿಯಬಹುದು. ಬೆಂಗಳೂರು 900 ಮೀಟರ್‌ಗಿಂತ ಸ್ವಲ್ಪ ಮೇಲಿದೆ, ಅಲ್ಲಿ 97ರ ಹತ್ತಿರ. ಮಡಿಕೇರಿಯಲ್ಲಿ 96. ನಮ್ಮ ಶಿವಮೊಗ್ಗ ಸುಮಾರು 570 ಮೀಟರ್ ಎತ್ತರದಲ್ಲಿದೆ, ಇಲ್ಲಿ 98. ಥರ್ಮೋಕಪಲ್ ತುದಿಯನ್ನು ಪಾತ್ರೆಗೆ ತಾಗದಂತೆ ನೀರಿನಲ್ಲಿ ಹಿಡಿದಾಗ ಐಸ್‌ನಲ್ಲಿ 1, ಕುದಿಯುವ ನೀರಿನಲ್ಲಿ 98 ತೋರಿಸಿತು. ಓವನ್ ಕೆಲಸಕ್ಕೆ ಇಷ್ಟು ಧಾರಾಳ. ಮುಳ್ಳಿನ ಥರ್ಮಾಮೀಟರ್ ಅನ್ನು ನೀರಿನಲ್ಲಿ ಮುಳುಗಿಸುವಂತಿಲ್ಲ, ಹಾಗಾಗಿ ಅದನ್ನು ಥರ್ಮೋಕಪಲ್ ಪಕ್ಕದಲ್ಲೇ ಓವನ್ನಿನಲ್ಲಿಟ್ಟು ಹೋಲಿಸಿದೆವು. ವ್ಯತ್ಯಾಸ ಮೂರು ಡಿಗ್ರಿ. ಸೋಮವಾರ ಮೀಟರ್ ವಾಪಸ್ ಕೊಟ್ಟ ಮೇಲೆ ಅದೊಂದೇ ನಮ್ಮ ಸಾಕ್ಷಿ, ಆದ್ದರಿಂದ ಈ ಮೂರನ್ನು ಬರೆದಿಟ್ಟುಕೊಂಡೆವು.

ಅಂದಹಾಗೆ, 1742ರಲ್ಲಿ ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ ತನ್ನ ಅಳತೆಪಟ್ಟಿ ಮಾಡಿದಾಗ ಕುದಿಯುವ ನೀರಿಗೆ 0, ಹೆಪ್ಪುಗಟ್ಟುವ ನೀರಿಗೆ 100 ಎಂದು ಇಟ್ಟಿದ್ದನಂತೆ. ಆಮೇಲೆ ಅದನ್ನು ತಿರುಗಿಸಿದರು. ಅಂಕಿ ಎನ್ನುವುದು ನಾವು ಒಪ್ಪಿಕೊಂಡ ಹೆಸರು, ಬಿಸಿ ಬೇರೆ ಸಂಗತಿ ಎಂದು ನನಗೆ ಸರಿಯಾಗಿ ಅರ್ಥವಾದದ್ದು ಇದನ್ನು ಓದಿದಾಗ.

ಈಗ ಅಳತೆಯ ಕೆಲಸ. ಇದರಲ್ಲಿ ಬುದ್ಧಿಗಿಂತ ತಾಳ್ಮೆ ಹೆಚ್ಚು ಬೇಕು. ಥರ್ಮಾಮೀಟರ್ ಜಾಲರಿಯ ಸರಿ ನಡುವೆ, ಕೇಕ್ ಟಿನ್ ಇಡುವ ಎತ್ತರದಲ್ಲೇ ಇರಬೇಕು, ಲೋಹಕ್ಕೆ ತಾಗಬಾರದು. ಬಾಗಿಲು ತೆರೆಯದೆ ಓದುವಂತಿರಬೇಕು, ಏಕೆಂದರೆ ಒಂದು ಸಲ ತೆರೆದರೆ ಬಿಸಿ ಗಾಳಿಯೆಲ್ಲ ಹೊರಗೆ. ಓವನ್ ಹಚ್ಚಿದ ಮೇಲೆ ರಾಡ್ ಮೊದಲ ಸಲ ಆರಿದ ಕೂಡಲೇ ‘ಕಾದಿದೆ’ ಎಂದು ಬಹಳ ಜನ ಟಿನ್ ಒಳಗಿಡುತ್ತಾರೆ. ಆಗ ಬಿಸಿಯಾಗಿರುವುದು ಗಾಳಿ ಮಾತ್ರ. ಗೋಡೆ, ಜಾಲರಿ, ಗಾಜು ಇನ್ನೂ ಬಿಸಿ ಹೀರುತ್ತಿರುತ್ತವೆ. ಕನಿಷ್ಠ ಇಪ್ಪತ್ತು ನಿಮಿಷ ಬಿಡಬೇಕು. ಆಮೇಲೆ ಎರಡು ನಿಮಿಷಕ್ಕೊಮ್ಮೆ ಅಂಕಿ ಬರೆಯುತ್ತಾ ಹೋಗಬೇಕು.

ನಾಬ್ 180ರಲ್ಲಿ ಇದ್ದಾಗ ನಮಗೆ ಸಿಕ್ಕ ಅಂಕಿಗಳು ಹೀಗಿದ್ದವು: 163, 158, 151, 147, 152, 160, 163, 157, 150, 147. ಇದನ್ನು ನೋಡಿ ಅಬ್ಬಾ ‘ಇದು ಹಾಳಾಗಿದೆ, ಒಂದು ಕಡೆ ನಿಲ್ಲುವುದೇ ಇಲ್ಲ’ ಅಂದರು. ಇಲ್ಲಿ ಎರಡು ಬೇರೆ ವಿಷಯಗಳು ಸೇರಿಕೊಂಡಿವೆ, ಅವನ್ನು ಬಿಡಿಸುವುದೇ ಈ ಕೆಲಸದ ಮುಖ್ಯ ಭಾಗ.

ಒಂದು, ಏರಿಳಿತ. 147ರಿಂದ 163ಕ್ಕೆ ಹೋಗಿ ಮತ್ತೆ 147ಕ್ಕೆ ಬರುವುದು ರೋಗವಲ್ಲ, ಅದು ಥರ್ಮೋಸ್ಟಾಟ್‌ನ ಉಸಿರಾಟ. ಪಟ್ಟಿಗೆ ಆನ್ ಮತ್ತು ಆಫ್ ಎರಡೇ ಗೊತ್ತು, ‘ಸ್ವಲ್ಪ ಹಚ್ಚು’ ಎಂಬುದು ಗೊತ್ತಿಲ್ಲ. ರಾಡ್ ಆರಿದ ಮೇಲೂ ಅದರಲ್ಲಿ ಬಿಸಿ ಉಳಿದಿರುವುದರಿಂದ ಗಾಳಿ ಇನ್ನೂ ಏರುತ್ತದೆ. ಹೊತ್ತಿದ ಮೇಲೂ ರಾಡ್ ಕಾಯಲು ಸಮಯ ಬೇಕಾದ್ದರಿಂದ ಇನ್ನೂ ಇಳಿಯುತ್ತದೆ. ನಡುಮಟ್ಟದಿಂದ ಮೇಲಕ್ಕೆ ಹತ್ತು, ಕೆಳಕ್ಕೆ ಹತ್ತು ಡಿಗ್ರಿ ಹೋಗುವುದು ಸಣ್ಣ ಓವನ್‌ಗಳಲ್ಲಿ ಸಾಮಾನ್ಯ. ಕೇಕ್ ಹಿಟ್ಟು ನಿಧಾನವಾಗಿ ಬಿಸಿ ಹೀರುವುದರಿಂದ ಈ ಏರಿಳಿತ ಅದಕ್ಕೆ ಗೊತ್ತೇ ಆಗುವುದಿಲ್ಲ, ಅದು ಸರಾಸರಿಯನ್ನು ಮಾತ್ರ ತಿನ್ನುತ್ತದೆ. ಒಂದೇ ಸಲ ಇಣುಕಿ 163 ನೋಡಿದವರು ‘ಪರವಾಗಿಲ್ಲ’ ಅನ್ನುತ್ತಾರೆ, 147 ನೋಡಿದವರು ‘ಕೆಟ್ಟಿದೆ’ ಅನ್ನುತ್ತಾರೆ. ಇಬ್ಬರ ಮಾತೂ ಲೆಕ್ಕಕ್ಕೆ ಬರುವುದಿಲ್ಲ.

ಎರಡು, ಅಂತರ. ಅತಿ ಹೆಚ್ಚು 163, ಅತಿ ಕಡಿಮೆ 147, ನಡುಮಟ್ಟ 155. ನಾಬ್ ಹೇಳಿದ್ದು 180. ಅಂತರ 25. ಇದು ನಿಜವಾದ ವ್ಯತ್ಯಾಸ. ಆಪಾ ಎರಡು ವರ್ಷದಿಂದ ಬಳಸುತ್ತಿದ್ದ ‘180ರಲ್ಲಿ ಮೂವತ್ತೈದು ನಿಮಿಷ’ ಎಂಬ ಲೆಕ್ಕ ಕೆಟ್ಟದ್ದು ಇಲ್ಲಿ. ಆ ಹಾಳೆಯನ್ನು ಅಮ್ಮಿ ಫ್ರಿಜ್ ಬಾಗಿಲಿಗೆ ಅಂಟಿಸಿದರು. ‘ಹಾಥ್ ಬದಲ್ ಗಯಾ’ ಅಂದಿದ್ದವರು ಮುಂದಿನ ಸಲ ಬಂದಾಗ ಆ ಹಾಳೆ ಅಲ್ಲೇ ಇತ್ತು. ಯಾರೂ ಏನೂ ಹೇಳಲಿಲ್ಲ.

ಅಂತರ ಕಂಡ ಕೂಡಲೇ ಥರ್ಮೋಸ್ಟಾಟ್ ಮೇಲೆ ತಪ್ಪು ಹೊರಿಸಬಾರದು. ಬೇರೆ ಕಾರಣಗಳನ್ನು ಒಂದೊಂದಾಗಿ ತೆಗೆಯಬೇಕು. ನಾಬ್ ಸಡಿಲವಿದೆಯೇ, ಆಫ್ ಸ್ಥಾನದಲ್ಲಿ ಅದರ ಗೆರೆ ಸರಿಯಾಗಿ ಆಫ್ ಗುರುತಿಗೆ ನಿಲ್ಲುತ್ತದೆಯೇ ನೋಡಿ. ಮೇಲಿನ ಮತ್ತು ಕೆಳಗಿನ ರಾಡ್ ಎರಡೂ ಹೊಳೆಯುತ್ತವೆಯೇ ನೋಡಿ. ಒಂದು ಸತ್ತಿದ್ದರೆ ಇನ್ನೊಂದು ಒಬ್ಬಂಟಿಯಾಗಿ ಹೆಣಗುತ್ತಿರುತ್ತದೆ. ಓವನ್ ತಣ್ಣಗಿದ್ದಾಗ ಬಾಗಿಲ ಸಂದಿನಲ್ಲಿ ಒಂದು ಕಾಗದದ ಚೂರು ಇಟ್ಟು ಮುಚ್ಚಿ ಎಳೆಯಿರಿ. ಸ್ವಲ್ಪ ಹಿಡಿದಂತಾಗಬೇಕು. ಒಂದು ಮೂಲೆಯಲ್ಲಿ ಮಾತ್ರ ಸುಮ್ಮನೆ ಜಾರಿ ಬಂದರೆ ಅಲ್ಲಿಂದ ಬಿಸಿ ಸೋರುತ್ತಿದೆ, ಬಾಗಿಲ ಸ್ಪ್ರಿಂಗ್ ಸೋತಿರಬಹುದು. ನಮ್ಮ ಓವನ್ ಈ ಮೂರರಲ್ಲೂ ಪಾಸಾಯಿತು.

ನಾಲ್ಕನೆಯದು ಕರೆಂಟು, ಇದನ್ನು ಬಹಳ ಜನ ತಪ್ಪು ತಿಳಿಯುತ್ತಾರೆ. ಸಂಜೆ ವೋಲ್ಟೇಜ್ ಬಿದ್ದಾಗ ರಾಡಿನ ಶಕ್ತಿ ಅದೇ ಪ್ರಮಾಣದಲ್ಲಿ ಅಲ್ಲ, ವೋಲ್ಟೇಜಿನ ವರ್ಗದ ಪ್ರಮಾಣದಲ್ಲಿ ಬೀಳುತ್ತದೆ. 230 ವೋಲ್ಟಿಗೆ 1500 ವ್ಯಾಟ್ ಕೊಡುವ ಓವನ್ 200 ವೋಲ್ಟಿಗೆ ಸುಮಾರು 1130 ವ್ಯಾಟ್ ಮಾತ್ರ ಕೊಡುತ್ತದೆ, ಮುಕ್ಕಾಲು ಪಾಲು. ಆದರೆ ಇದರಿಂದ ಥರ್ಮೋಸ್ಟಾಟಿನ ಅಂಕಿ ತಪ್ಪುವುದಿಲ್ಲ. ಕಾಯಲು ಹೆಚ್ಚು ಹೊತ್ತು ಬೇಕಾಗುತ್ತದೆ, ಆದರೆ ಕೊನೆಗೆ ತಲುಪುವ ಮಟ್ಟ ಹೆಚ್ಚು ಕಡಿಮೆ ಅದೇ. ಗುರುತಿಸುವುದು ಸುಲಭ: ರಾಡ್ ಆಗಾಗ ಆರುತ್ತಿದ್ದರೆ ಓವನ್ ತಾನು ತಲುಪಬೇಕಾದಲ್ಲಿಗೆ ತಲುಪಿದೆ ಎಂದರ್ಥ, ತಪ್ಪಿದ್ದರೆ ಅದು ಥರ್ಮೋಸ್ಟಾಟಿನದು. ಅರ್ಧ ಗಂಟೆಯಾದರೂ ರಾಡ್ ಒಮ್ಮೆಯೂ ಆರದೆ ಉರಿಯುತ್ತಲೇ ಇದ್ದರೆ ಅದು ತಲುಪಲಾಗದೆ ಒದ್ದಾಡುತ್ತಿದೆ. ಆಗ ವೋಲ್ಟೇಜ್, ಸತ್ತ ರಾಡ್, ಸೋರುವ ಬಾಗಿಲು ಇವುಗಳಲ್ಲಿ ಹುಡುಕಬೇಕು. ನಮ್ಮದು ಸರಿಯಾಗಿ ಆರಿ ಹೊತ್ತುತ್ತಿತ್ತು. ಇನ್ನೊಂದು ಮಾತು, 1500 ವ್ಯಾಟ್ ಎಂದರೆ ಆರೂವರೆ ಆಂಪಿಯರ್ ಕರೆಂಟು. ಮೊಬೈಲ್ ಚಾರ್ಜ್ ಮಾಡುವ ಎಕ್ಸ್‌ಟೆನ್ಶನ್ ಬೋರ್ಡಿಗೆ ಓವನ್ ಸಿಕ್ಕಿಸಬೇಡಿ. 16 ಆಂಪಿಯರ್ ಸಾಕೆಟ್ಟೇ ಬೇಕು.

ಇನ್ನು ಸರಿಪಡಿಸುವುದು. ಡಿಜಿಟಲ್ ಓವನ್‌ಗಳಲ್ಲಿ ಕೆಲವಕ್ಕೆ ಸೆಟ್ಟಿಂಗ್‌ನಲ್ಲೇ ಇಷ್ಟು ಡಿಗ್ರಿ ಕೂಡಿಸು, ಇಷ್ಟು ಕಳೆ ಎಂದು ಹೇಳುವ ಅವಕಾಶ ಇರುತ್ತದೆ. ಜೊತೆಗೆ ಬಂದ ಪುಸ್ತಕ ನೋಡಿ. ನಾಬ್ ಇರುವ ಕೆಲವು ಥರ್ಮೋಸ್ಟಾಟ್‌ಗಳಲ್ಲಿ ಕಡ್ಡಿಯ ಒಳಗೆ ಪುಟ್ಟ ಸ್ಕ್ರೂ ಇರುತ್ತದೆ. ಅದನ್ನು ಮುಟ್ಟಬೇಡಿ ಎಂದೇ ಹೇಳುತ್ತೇನೆ. ಅದರ ಪಕ್ಕದಲ್ಲೇ 230 ವೋಲ್ಟ್ ಇದೆ, ಅದು ಮೆಕ್ಯಾನಿಕ್ ಕೆಲಸ. ನಮ್ಮ ಮೆಕ್ಯಾನಿಕ್ ಥರ್ಮೋಸ್ಟಾಟ್ ಬದಲಿಸಲು ಆರುನೂರು ರೂಪಾಯಿ ಅಂದರು, ಹೊಸದೂ ಕರಾರುವಾಕ್ಕಾಗಿ ಇರುತ್ತದೆ ಎಂಬ ಗ್ಯಾರಂಟಿ ಇಲ್ಲ ಎಂದೂ ಪ್ರಾಮಾಣಿಕವಾಗಿ ಹೇಳಿದರು. ಆಪಾ ಮೂರನೇ ದಾರಿ ಹಿಡಿದಳು: ಓವನ್ ಹಾಗೇ ಇರಲಿ, ಅದರ ಭಾಷೆಗೆ ನಾವು ಅನುವಾದ ಮಾಡಿಕೊಳ್ಳೋಣ.

180ರಲ್ಲಿ 25 ಕಡಿಮೆ, ಆದ್ದರಿಂದ ಯಾವಾಗಲೂ 25 ಕೂಡಿಸಿದರಾಯಿತು ಎಂದುಕೊಳ್ಳುವಂತಿಲ್ಲ. ಅಂತರ ಎಲ್ಲ ಕಡೆ ಒಂದೇ ಇದೆಯೇ ಎಂದು ನೋಡಬೇಕು. ಭಾನುವಾರ ಪೂರ್ತಿ ಕೂತು ನಾಲ್ಕು ಮಟ್ಟದಲ್ಲಿ ಅಳೆದೆವು. ನಾಬ್ 150ಕ್ಕೆ ಒಳಗೆ 131, 180ಕ್ಕೆ 155, 200ಕ್ಕೆ 170, 220ಕ್ಕೆ 187. ಅಂದರೆ ಅಂತರ 19, 25, 30, 33 ಎಂದು ಬೆಳೆಯುತ್ತಾ ಹೋಗುತ್ತದೆ. ಇಲ್ಲಿ ನನ್ನ ಸ್ಟ್ಯಾಟಿಸ್ಟಿಕ್ಸ್ ಕೆಲಸಕ್ಕೆ ಬಂತು. ನಿಜವಾದ 160 ಬೇಕಾದರೆ ನಾಬ್ ಎಲ್ಲಿಡಬೇಕು? ಒಳಗಿನ 155ರಿಂದ 170ಕ್ಕೆ ಹೋಗಲು, ಅಂದರೆ 15 ಡಿಗ್ರಿಗೆ, ನಾಬ್ 20 ಹೆಜ್ಜೆ ನಡೆಯುತ್ತದೆ. ನಮಗೆ ಬೇಕಾದ್ದು 5 ಡಿಗ್ರಿ, ಹಾಗಾದರೆ ಸುಮಾರು 7 ಹೆಜ್ಜೆ. ಉತ್ತರ 187. ಹೀಗೇ ನಿಜವಾದ 150ಕ್ಕೆ 174, 170ಕ್ಕೆ 200, 180ಕ್ಕೆ 212. ಇಂಟರ್‌ಪೊಲೇಶನ್ ಪರೀಕ್ಷೆಗೆ ಮಾತ್ರ ಎಂದು ಹೇಳುವ ಗೆಳೆಯರಿಗೆ ಈ ಪಟ್ಟಿ ತೋರಿಸಿದ್ದೇನೆ. ನಾಬ್ ಮೇಲೆ ಒಂದೊಂದು ಡಿಗ್ರಿ ನೋಡಿ ಇಡಲು ಆಗುವುದಿಲ್ಲ, ಆದ್ದರಿಂದ ಆಪಾ ಓವನ್ನಿನ ಮೈಮೇಲೆ, ನಾಬ್ ಸುತ್ತ, ಉಗುರು ಬಣ್ಣದ ನಾಲ್ಕು ಚುಕ್ಕಿ ಇಟ್ಟಳು. ಈಗ ಅವಳು ಅಚ್ಚಾದ ಅಂಕಿ ಓದುವುದೇ ಇಲ್ಲ.

ಥರ್ಮಾಮೀಟರ್ ಸಿಗದವರಿಗೆ ಸಕ್ಕರೆ ಇದೆ. ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಗೆ. ಫಾಯಿಲ್‌ನ ಪುಟ್ಟ ಬಟ್ಟಲಿನಲ್ಲಿ ಒಂದು ಚಮಚ ಸಕ್ಕರೆ ಹಾಕಿ, ಚೆನ್ನಾಗಿ ಕಾದ ಓವನ್ನಿನಲ್ಲಿ ನಾಬ್ 175ಕ್ಕೆ ಇಟ್ಟು ಹದಿನೈದು ನಿಮಿಷ ಬಿಡಿ. ಹರಳು ಹಾಗೇ ಇರಬೇಕು. ಆಮೇಲೆ 190ಕ್ಕೆ ಏರಿಸಿ, ಕಾಯಲು ಸಮಯ ಕೊಟ್ಟು, ಹೊಸ ಬಟ್ಟಲಿನಲ್ಲಿ ಮತ್ತೆ ಹದಿನೈದು ನಿಮಿಷ. ಈ ಸಲ ಕರಗಬೇಕು. 175ಕ್ಕೇ ಕರಗಿದರೆ ಓವನ್ ಹೆಚ್ಚು ಬಿಸಿ, 190ಕ್ಕೂ ಕರಗದಿದ್ದರೆ ಕಡಿಮೆ. ಏರಿಳಿತ ಇರುವುದರಿಂದ ಇದು ಅಂದಾಜು ಮಾತ್ರ, ಆದರೆ ನಮ್ಮಂಥ ದೊಡ್ಡ ತಪ್ಪನ್ನು ಖಂಡಿತ ಹಿಡಿಯುತ್ತದೆ. ನಮ್ಮ ಓವನ್ನಿನಲ್ಲಿ ನಾಬ್ 200ಕ್ಕೆ ಇಟ್ಟಾಗಲೂ ಸಕ್ಕರೆ ಬೆಳ್ಳಗೇ ಇತ್ತು. 220ಕ್ಕೆ ಕರಗಿತು. ಬಟ್ಟಲು ತೆಗೆಯುವಾಗ ಎಚ್ಚರ. ಕರಗಿದ ಸಕ್ಕರೆ ಚರ್ಮಕ್ಕೆ ತಾಗಿದರೆ ಅಂಟಿಕೊಂಡು ಸುಡುತ್ತದೆ, ಬಿಸಿ ನೀರಿಗಿಂತ ಕೆಟ್ಟದ್ದು.

ನಡುಭಾಗ ಸರಿಯಾದ ಮೇಲೂ ಮೂಲೆಗಳು ಸರಿಯಾಗಿರುವುದಿಲ್ಲ. ಇದಕ್ಕೆ ಬ್ರೆಡ್ ಪರೀಕ್ಷೆ: ಜಾಲರಿಯ ತುಂಬ ಬ್ರೆಡ್ ತುಂಡು ಜೋಡಿಸಿ, ಬಣ್ಣ ಬರುವವರೆಗೆ ಸುಟ್ಟು, ಇಟ್ಟ ಕ್ರಮದಲ್ಲೇ ಹೊರಗಿಟ್ಟು ನೋಡಿದರೆ ಓವನ್ನಿನ ನಕ್ಷೆಯೇ ಸಿಗುತ್ತದೆ. ನಮ್ಮದರಲ್ಲಿ ಹಿಂದಿನ ಬಲಮೂಲೆ ಕಪ್ಪು, ಬಾಗಿಲ ಕಡೆ ಬಿಳಿ. ಇದಕ್ಕೆ ರಿಪೇರಿ ಇಲ್ಲ. ಮೂರರಲ್ಲಿ ಎರಡು ಪಾಲು ಸಮಯವಾದಾಗ ಟ್ರೇ ತಿರುಗಿಸಿದರೆ ಆಯಿತು. ಫ್ಯಾನ್ ಇರುವ ಓವನ್‌ನಲ್ಲಿ ಈ ತೊಂದರೆ ಕಡಿಮೆ, ಆದರೆ ಓಡುವ ಗಾಳಿ ಬೇಗ ಬೇಯಿಸುವುದರಿಂದ ಅಲ್ಲಿ ರೆಸಿಪಿಗಿಂತ ಸುಮಾರು 20 ಡಿಗ್ರಿ ಕಡಿಮೆ ಇಡುವುದು ರೂಢಿ. ಕಪ್ಪು ಟಿನ್ ಹೊಳೆಯುವ ಟಿನ್‌ಗಿಂತ ಹೆಚ್ಚು ಬಿಸಿ ಹೀರುತ್ತದೆ ಎಂಬುದೂ ನೆನಪಿರಲಿ. ಓವನ್ ಬದಲಿಸದೆ ಟಿನ್ ಬದಲಿಸಿದರೂ ಕೇಕ್ ತಳ ಕಂದಬಹುದು.

ಹಾಗೆಯೇ ಫ್ಯಾರನ್‌ಹೀಟ್. ಯೂಟ್ಯೂಬ್‌ನಲ್ಲಿ ಅಮೆರಿಕದವರು 350 ಎಂದರೆ ಅದು ಅವರ ಲೆಕ್ಕ, ನಮ್ಮ ಲೆಕ್ಕದಲ್ಲಿ 177. ಅವರ 325 ನಮ್ಮ 163, ಅವರ 375 ನಮ್ಮ 191. ಓವನ್ ಸರಿಯಿದ್ದೂ ಬೇಕಿಂಗ್ ಕೆಟ್ಟರೆ ಮೊದಲು ಇದನ್ನು ನೋಡಿ.

ಕೊನೆಯದಾಗಿ, ಅಳತೆ ಒಂದು ಸಲಕ್ಕೆ ಮುಗಿಯುವುದಿಲ್ಲ. ತಿಂಗಳಿಗೊಮ್ಮೆ ನಾಬ್ 180ಕ್ಕೆ ಇಟ್ಟು ನೋಡುತ್ತೇವೆ. ಮೂರು ತಿಂಗಳಲ್ಲಿ ಬಂದ ನಡುಮಟ್ಟ 155, 156, 154. 25 ಡಿಗ್ರಿ ತಪ್ಪಿದ್ದರೂ ದಿನವೂ ಅಷ್ಟೇ ತಪ್ಪುವ ಓವನ್‌ನಲ್ಲಿ ವ್ಯಾಪಾರ ಮಾಡಬಹುದು. ಇದೇ 155, 140, 165 ಎಂದು ಬಂದಿದ್ದರೆ ಚುಕ್ಕಿ ಇಟ್ಟು ಪ್ರಯೋಜನವಿರಲಿಲ್ಲ, ಆರುನೂರು ಕೊಟ್ಟು ಥರ್ಮೋಸ್ಟಾಟ್ ಬದಲಿಸಲೇಬೇಕಿತ್ತು. ಒಂಬತ್ತು ಸಾವಿರ ಬಿ.ಎಡ್. ಖಾತೆಯಲ್ಲೇ ಉಳಿದಿದೆ.

ಮುಳ್ಳಿನ ಥರ್ಮಾಮೀಟರ್ ಇಲ್ಲಿಯವರೆಗೆ ನಮ್ಮ ತರಗತಿಯ ಮೂವರ ಮನೆಗೆ ಹೋಗಿ ಬಂದಿದೆ. ಒಬ್ಬರ ಓವನ್ 180ಕ್ಕೆ 192 ಕೊಡುತ್ತಿತ್ತು, ಒಬ್ಬರದು ಬಹುತೇಕ ಸರಿಯಾಗಿತ್ತು, ಮೂರನೆಯದು ನಲವತ್ತು ನಿಮಿಷವಾದರೂ 140 ದಾಟಲಿಲ್ಲ. ನೋಡಿದರೆ ಕೆಳಗಿನ ರಾಡ್ ಸತ್ತಿತ್ತು. ಬೇಕಾದವರು ಎರಡನೇ ಪಿಯುಸಿ ವಾಣಿಜ್ಯ ವಿಭಾಗದಲ್ಲಿ ನನ್ನನ್ನು ಕೇಳಬಹುದು. ಓದುವಾಗ ಮೂರು ಡಿಗ್ರಿ ಕಳೆಯಬೇಕು, ಅದನ್ನು ಡಬ್ಬಿಯ ಮೇಲೆ ಬರೆದಿದೆ. ಗುರುವಾರ ಮಾತ್ರ ಕೇಳಬೇಡಿ, ಅಂದು ಆಪಾಗೆ ಶುಕ್ರವಾರದ ಆರ್ಡರ್ ಇರುತ್ತದೆ.